ವೆಲಿಮಿರನ ಅಭಿಪ್ರಾಯ

ವೆಲಿಮಿರನಿಗೆ ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯವಿತ್ತು. ಮೂವತ್ತನಾಲ್ಕು ವರ್ಷ ಮನೆಮನೆ ಸುತ್ತಿ ಕರೆಂಟಿನ ಮೀಟರ್ ಓದಿದ ಮನುಷ್ಯ ಅವನು. ಆ ಕಾಲದಲ್ಲಿ ಬಾಗಿಲಲ್ಲೇ ನಿಂತು ಅಭಿಪ್ರಾಯ ಹೇಳಿ ಮುಂದಿನ ಮನೆಗೆ ಹೋಗುತ್ತಿದ್ದ. ಕೇಳಿದವರು ಬಾಗಿಲು ಹಾಕಿಕೊಂಡು ಮರೆತುಬಿಡುತ್ತಿದ್ದರು, ಯಾರಿಗೂ ತೊಂದರೆಯಿರಲಿಲ್ಲ. ನಿವೃತ್ತನಾದ ಮೇಲೆ ಮಗ ಒಗ್ನೆನ್ ಒಂದು ಮೊಬೈಲ್ ತಂದುಕೊಟ್ಟ. ಹದಿನಾಲ್ಕು ವರ್ಷದ ಮೊಮ್ಮಗಳು ಸೆಂಕಾ ಅದರಲ್ಲಿ ಫೇಸ್‌ಬುಕ್ ಹಾಕಿಕೊಟ್ಟಳು. ಅಲ್ಲಿಂದ ಮುಂದೆ ಮೊರಾವಾ ನದಿ ದಂಡೆಯ ಆ ಸಣ್ಣ ಊರಿಗೆ ನೆಮ್ಮದಿ ಇಲ್ಲದಾಯಿತು.

ಊರಿನ ಸುದ್ದಿ ಬರುವ ಪುಟವೊಂದಿತ್ತು. ಅಲ್ಲಿ ಏನೇ ಬಂದರೂ ಅದರ ಕೆಳಗೆ ಮೊದಲು ಬರೆಯುವವನು ವೆಲಿಮಿರ್. ಸರ್ಕಾರ ಕಳ್ಳರದು, ವಿರೋಧ ಪಕ್ಷ ಸೋಮಾರಿಗಳದು. ಹೊಸ ಸೇತುವೆ ಎರಡು ಮೀಟರ್ ಎಡಕ್ಕೆ ಬರಬೇಕಿತ್ತು. ಕರೆಂಟಿನ ಕಾರು ಚಳಿಗಾಲದಲ್ಲಿ ಓಡುವುದಿಲ್ಲ, ಅದನ್ನು ಕರೆಂಟಿನವನಾದ ತನ್ನನ್ನು ಕೇಳಬೇಕು. ಮನುಷ್ಯರ ಹಾಗೆ ಮಾತಾಡುವ ಕಂಪ್ಯೂಟರ್ ಬಂದಿದೆಯಂತೆ ಎಂದಾಗ, ತನ್ನ ಹೆಂಡತಿಯೊಡನೆ ಅದು ಅರ್ಧ ಗಂಟೆ ಮಾತಾಡಲಿ ನೋಡೋಣ ಎಂದು ಬರೆದು ನೂರು ಲೈಕು ಗಿಟ್ಟಿಸಿದ.

ಹೆಂಡತಿ ದೊಬ್ರಿಲಾ ಇದನ್ನೆಲ್ಲ ಮನಸ್ಸಿಗೆ ಹಚ್ಚಿಕೊಂಡವಳಲ್ಲ. ಅವಳು ಇಪ್ಪತ್ತೆಂಟು ವರ್ಷ ಬಸ್ ನಿಲ್ದಾಣದಲ್ಲಿ ಮೈಕ್ ಮುಂದೆ ಕೂತು ಬಸ್ಸು ಹೊರಡಿಸಿದವಳು. ಕೂಗಾಡುವವರನ್ನು ಕೂಗಾಡಲು ಬಿಟ್ಟು, ಬಸ್ಸನ್ನು ಮಾತ್ರ ಹೊತ್ತಿಗೆ ಸರಿಯಾಗಿ ಕಳಿಸುವುದು ಅವಳಿಗೆ ರೂಢಿಯಾಗಿತ್ತು. ಗಂಡ ಅಡುಗೆಮನೆಯ ಕಿಟಕಿ ಪಕ್ಕ ಕೂತು ಮೊಬೈಲ್ ಒತ್ತುತ್ತಿದ್ದ, ಅವಳು ಈರುಳ್ಳಿ ಹೆಚ್ಚುತ್ತಿದ್ದಳು.

ಆ ನವೆಂಬರಿನಲ್ಲಿ ಶಾಲೆಯ ಶಿಕ್ಷಕರ ಮುಷ್ಕರ ಎರಡನೆಯ ವಾರಕ್ಕೆ ಕಾಲಿಟ್ಟಿತ್ತು. ಗೇಟಿನ ಮುಂದೆ ಫಲಕ ಹಿಡಿದು ನಿಂತವರ ಫೋಟೊ ಊರಿನ ಪುಟದಲ್ಲಿ ಬಂತು. ವೆಲಿಮಿರ್ ಅದರ ಕೆಳಗೆ ಹೀಗೆ ಬರೆದ: "ಕೆಲಸ ಮಾಡದವರಿಗೆ ಬಾಗಿಲು ತೋರಿಸಿ. ಇವರಿಗಿಂತ ಮೊಬೈಲೇ ಮಕ್ಕಳಿಗೆ ಚೆನ್ನಾಗಿ ಕಲಿಸುತ್ತದೆ." ಬರೆಯುವಾಗ ಕನ್ನಡಕ ಹಾಕಿರಲಿಲ್ಲ. ಫೋಟೊದಲ್ಲಿ ಎಡಗಡೆಯಿಂದ ಮೂರನೆಯವಳು ಅವನ ಸೊಸೆ ತಿಯಾನಾ, ಅದೇ ಶಾಲೆಯ ಗಣಿತದ ಟೀಚರ್.

ಮುನ್ನೂರ ಹನ್ನೆರಡು ಜನ ಅದನ್ನು ಮೆಚ್ಚಿದರು. ತಿಯಾನಾ ತಾನಾಗಿ ಅದನ್ನು ನೋಡಲಿಲ್ಲ. ಜೊತೆಯ ಟೀಚರೊಬ್ಬಳು ಗೇಟಿನ ಬಳಿ ಎಲ್ಲರಿಗೂ ಕೇಳುವಂತೆ ಓದಿ, ಕೊನೆಗೆ ಬರೆದವನ ಹೆಸರಿಗೆ ಬಂದಾಗ ತಡವರಿಸಿ ನಿಂತಳಂತೆ.

ಸಂಜೆ ಊಟಕ್ಕೆ ಕೂತಾಗ ತಿಯಾನಾ ಚಮಚ ಮುಟ್ಟಲಿಲ್ಲ. ಹದಿನೈದು ವರ್ಷ ಆ ಮನೆಯಲ್ಲಿದ್ದು ಒಮ್ಮೆಯೂ ದನಿ ಏರಿಸದವಳು, ಅಂದೂ ಏರಿಸಲಿಲ್ಲ.

"ಮಾವ, ಊರೆಲ್ಲ ಓದೋ ಹಾಗೆ ಬರೆದಿದ್ದೀರ. ಊರೆಲ್ಲ ಕೇಳೋ ಹಾಗೆ ವಾಪಸ್ ತಗೊಳ್ಳಿ."

"ನಿನ್ನ ಬಗ್ಗೆ ಬರೀಲಿಲ್ಲಮ್ಮ ನಾನು. ಸುಮ್ಮನೆ ಒಂದು ಮಾತು, ಸಾಮಾನ್ಯವಾಗಿ ಬರೆದೆ."

"ಆ ಸಾಮಾನ್ಯದಲ್ಲಿ ಎಡಗಡೆಯಿಂದ ಮೂರನೆಯವಳು ನಾನು."

ವೆಲಿಮಿರ್ ಈಗ ಕನ್ನಡಕ ಹಾಕಿ ನೋಡಿದ. ನೋಡಿದ ಮೇಲಾದರೂ ಸುಮ್ಮನಿರಬಹುದಿತ್ತು. ಅಭಿಪ್ರಾಯ ಹೇಳುವುದು ತನ್ನ ಹಕ್ಕು, ಒಮ್ಮೆ ಬರೆದದ್ದನ್ನು ಅಳಿಸುವುದು ಹೇಡಿಗಳ ಕೆಲಸ ಎಂದು ಶುರುಮಾಡಿದ. ತಿಯಾನಾ ತಟ್ಟೆ ಎತ್ತಿಕೊಂಡು ಕೋಣೆಗೆ ಹೋದಳು. ಮಾರನೆಯ ದಿನವೂ ಹೋದಳು. ಆಮೇಲೆ ಮಾವನೊಡನೆ ಅವಳ ಮಾತೇ ನಿಂತುಹೋಯಿತು. ಬಚ್ಚಲ ನಲ್ಲಿ ಸೋರುತ್ತಿದೆ ಎಂಬುದನ್ನೂ ಸೆಂಕಾಳ ಬಾಯಲ್ಲೇ ಹೇಳಿಸುತ್ತಿದ್ದಳು. ಒಗ್ನೆನ್ ಬ್ರೆಡ್ಡಿನ ವ್ಯಾನ್ ಓಡಿಸುವವನು. ಬೆಳಗಿನ ಕೆಲಸ ಮುಗಿಸಿ ಬಂದು ಅಡುಗೆಮನೆಯಲ್ಲಿ ಅರ್ಧ ಊಟ, ಕೋಣೆಯಲ್ಲಿ ಇನ್ನರ್ಧ ಊಟ ಮಾಡಿ ಇಬ್ಬರನ್ನೂ ಸಮಾಧಾನಪಡಿಸಲು ಹೆಣಗುತ್ತಿದ್ದ. ಎರಡು ಕಡೆ ತಿಂದು ಸ್ವಲ್ಪ ದಪ್ಪಗಾದದ್ದೇ ಬಂತು.

ಹೀಗೆ ಹದಿನೈದು ದಿನ ಕಳೆದ ಮೇಲೆ ಒಗ್ನೆನ್ ತಾಯಿಯನ್ನು ಬಾಲ್ಕನಿಗೆ ಕರೆದು, ಬಸ್ ನಿಲ್ದಾಣದ ಹಿಂದೆ ಒಂದು ಬಾಡಿಗೆ ಮನೆ ನೋಡಿದ್ದೇವೆ ಎಂದ. ಎರಡು ಕೋಣೆ, ಬಿಸಿಲು ಬರುತ್ತದೆ. ಸ್ಲಾವಾ ಮುಗಿದ ನಂತರದ ಸೋಮವಾರ ಮಾತು ಕೊಡಬೇಕು. ಅದಕ್ಕೆ ಮೊದಲೇ ಹೊರಟು ಅತ್ತೆಯ ಮರ್ಯಾದೆ ತೆಗೆಯುವುದು ಬೇಡ ಅಂತ ತಿಯಾನಾಳೇ ಅಂದಳಂತೆ.

ಸ್ಲಾವಾ ಎಂದರೆ ಆ ಮನೆತನದ ಸಂತನ ದಿನ. ಅವರ ಮನೆಯದು ಸಂತ ನಿಕೋಲಾಸನದು, ಡಿಸೆಂಬರ್ ಹತ್ತೊಂಬತ್ತು. ದೊಬ್ರಿಲಾ ಮದುವೆಯಾಗಿ ಬಂದಂದಿನಿಂದ ನಲವತ್ತೊಂದು ವರ್ಷ ಆ ದಿನ ಬಾಗಿಲು ತೆರೆದಿಟ್ಟಿದ್ದಳು. ಸ್ಲಾವಾಕ್ಕೆ ಯಾರನ್ನೂ ಕರೆಯುವಂತಿಲ್ಲ. ಬರುವವರು ತಾವಾಗಿಯೇ ಬರುತ್ತಾರೆ, ಬಂದವರನ್ನು ಕಳಿಸುವಂತಿಲ್ಲ. ಬಾಯಿಬಿಟ್ಟು ಕರೆಯುವುದೆಂದರೆ ನಮ್ಮ ಮನೆಗೆ ಬರುವವರೇ ಯಾರೂ ಇಲ್ಲ ಎಂದು ಡಂಗುರ ಹೊಡೆದ ಹಾಗೆ.

ಮನೆ ಒಡೆಯುವುದನ್ನು ದೊಬ್ರಿಲಾ ಒಪ್ಪಲು ಸಿದ್ಧಳಿರಲಿಲ್ಲ. ಇನ್ನೂ ಮೂರು ವಾರಗಳಿವೆ ಎಂದು ಲೆಕ್ಕಹಾಕಿಕೊಂಡಳು. ಗಂಡನಿಗೆ ಬಾಡಿಗೆ ಮನೆಯ ವಿಷಯ ಹೇಳಲಿಲ್ಲ. ಹೇಳಿದರೆ ಅದಕ್ಕೂ ಅವನದೊಂದು ಅಭಿಪ್ರಾಯ ಹೊರಡುತ್ತದೆ ಎಂದು ಹೆದರಿದಳು.

ಡಿಸೆಂಬರ್ ಮೊದಲ ವಾರ ಸ್ಲಾವಾದ ಬ್ರೆಡ್ಡಿನ ಮಾತು ಬಂತು. ಮೇಲೆ ಹಿಟ್ಟಿನ ಹಕ್ಕಿ, ಗೋಧಿ ತೆನೆ ಕೂರಿಸಿ ಅದನ್ನು ಮಾಡುತ್ತಿದ್ದವಳು ತಿಯಾನಾ. ಈ ಸಲ ನಾನು ಹಿಟ್ಟು ಮುಟ್ಟುವುದಿಲ್ಲ ಅತ್ತೆ, ಆ ದಿನ ಕೋಣೆಯಿಂದಲೂ ಬರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿಬಿಟ್ಟಳು. ವೆಲಿಮಿರ್ ಪಕ್ಕದ ಕೋಣೆಯಿಂದ ಕೇಳಿಸಿಕೊಂಡ. ಸರಸರ ಮೊಬೈಲ್ ತೆಗೆದು ಊರಿನ ಪುಟದಲ್ಲಿ ಬರೆದ: "ಈ ವರ್ಷ ಸಂತ ನಿಕೋಲಾಸನ ದಿನ ನಮ್ಮ ಮನೆಯಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವುದಿಲ್ಲ ಎಂದು ಬಂಧುಮಿತ್ರರಿಗೆ ತಿಳಿಸುತ್ತೇವೆ."

ಸೊಸೆಗೆ ಚುರುಕು ಮುಟ್ಟಿಸಬೇಕೆಂಬುದಷ್ಟೇ ಅವನ ಉದ್ದೇಶ. ಪೇಪರಿನಲ್ಲಿ ವರ್ಷಾನುಗಟ್ಟಲೆ ಓದಿದ ವಾಕ್ಯ ಅದು, ಹಾಗಾಗಿ ಒಂದು ಅಕ್ಷರ ತಪ್ಪಿಲ್ಲದೆ ಬಂತು. ಆ ವಾಕ್ಯ ಪೇಪರಿನಲ್ಲಿ ಬರುವುದು ಸಾವಾದ ಮನೆಯಿಂದ ಮಾತ್ರ ಎಂಬುದು ಕೋಪದಲ್ಲಿ ಅವನ ತಲೆಗೆ ಹೋಗಲಿಲ್ಲ. ಬರೆದವನೇ ಮೊಬೈಲ್ ಆಫ್ ಮಾಡಿ ಕಪಾಟಿನ ಮೇಲಿಟ್ಟು ಮುನಿಸಿಕೊಂಡು ಮಲಗಿದ.

ಮಾರನೆಯ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಮಹಡಿಯ ಪೆರ್ಸಿದಾ ಕಪ್ಪು ವಸ್ತ್ರ ತಲೆಗೆ ಕಟ್ಟಿ, ಸಾವಿನ ಮನೆಗೆ ಒಯ್ಯುವ ಹಾಗೆ ಅರ್ಧ ಕಿಲೋ ಕಾಫಿಪುಡಿ, ಒಂದು ಡಬ್ಬ ಸಕ್ಕರೆ ಹಿಡಿದು ನಿಂತಿದ್ದಳು. ದೊಬ್ರಿಲಾಳನ್ನು ಅಪ್ಪಿಕೊಂಡು ಅಳತೊಡಗಿದಳು. ಅವಳ ಭುಜದ ಮೇಲಿಂದ ಒಳಗೆ ಕಣ್ಣುಹಾಯಿಸಿದಾಗ, ಪೈಜಾಮದಲ್ಲಿ ನಿಂತು ಗಡ್ಡ ಕೆರೆಯುತ್ತಿದ್ದ ವೆಲಿಮಿರ್ ಕಂಡ.

"ಅಯ್ಯೋ, ಬದುಕಿದಾನಲ್ಲ," ಎಂದಳು ಪೆರ್ಸಿದಾ. ಕಾಫಿಪುಡಿಯನ್ನು ಕೊಡುವುದೋ ಬಿಡುವುದೋ ತಿಳಿಯದೆ ಎದೆಗೆ ಒತ್ತಿಕೊಂಡಳು.

ದಿನಕ್ಕೆ ಹತ್ತು ಸಲ ಬರೆಯುವವನು ಇಡೀ ರಾತ್ರಿ ಒಂದಕ್ಷರ ಬರೆಯದೆ ಇದ್ದುದರಿಂದ, ಸತ್ತವನು ವೆಲಿಮಿರನೇ ಇರಬೇಕು, ಅವನ ಮೊಬೈಲಿನಿಂದ ಮನೆಯವರು ತಿಳಿಸಿದ್ದಾರೆ ಎಂದು ಊರು ತೀರ್ಮಾನಿಸಿತ್ತು. ಸೆಂಕಾ ಮೊಬೈಲ್ ಆನ್ ಮಾಡಿದಳು. ಇನ್ನೂರಕ್ಕೂ ಹೆಚ್ಚು ಸಂತಾಪ ಬಂದಿದ್ದವು. ವೆಲಿಮಿರ್ ಕನ್ನಡಕ ಹಾಕಿಕೊಂಡು ಕೂತು ಒಂದೊಂದನ್ನೂ ಓದಿದ. ಒಳ್ಳೆಯ ಮನುಷ್ಯ ಎಂದವರಿದ್ದರು. ಇನ್ನು ಮೇಲೆ ಸೇತುವೆ ನೆಟ್ಟಗಿರುತ್ತದೆ ಎಂದು ನಕ್ಕವರೂ ಇದ್ದರು. ಯಾರೋ ಒಬ್ಬರು ಬರೆದಿದ್ದರು: "ತಿಳಿದದ್ದು ಕಡಿಮೆ, ಹೇಳಿದ್ದು ಜಾಸ್ತಿ. ದೇವರು ಅವನಿಗೆ ಶಾಂತಿ ಕೊಡಲಿ, ನಮಗೂ." ಅದಕ್ಕೆ ನೂರ ನಲವತ್ತು ಲೈಕು. ವೆಲಿಮಿರ್ ಅದನ್ನು ಎರಡು ಸಲ ಓದಿದ. ಅವನ ಮುಖ ಸಣ್ಣಗಾದದ್ದನ್ನು ಕಂಡು ದೊಬ್ರಿಲಾಳಿಗೆ ಪಾಪ ಅನಿಸಿತು, ಒಳಗೊಳಗೇ ಸ್ವಲ್ಪ ಸಮಾಧಾನವೂ ಆಯಿತು.

ಅವನು "ನಾನು ಸತ್ತಿಲ್ಲ" ಎಂದು ಬರೆದ. ಹಾಗಾದರೆ ಅತಿಥಿಗಳು ಯಾಕೆ ಬೇಡ ಎಂದು ಊರು ಕೇಳಿತು. ಅದು ನನ್ನ ಮನೆಯ ವಿಷಯ ಎಂದು ಇವನು ಉತ್ತರ ಕೊಟ್ಟ. ಪ್ರಕಟಣೆ ಅಳಿಸು ಎಂದು ಒಗ್ನೆನ್ ಬೇಡಿಕೊಂಡರೂ, ಬರೆದದ್ದು ಬರೆದದ್ದೇ ಎಂದು ಹಟ ಹಿಡಿದ. ಬಾಗಿಲು ಮುಚ್ಚಿದ ಮನೆ ಎಂಬುದು ಊರಿಗೆ ಖಚಿತವಾಯಿತು.

ಈಗ ದೊಬ್ರಿಲಾ ಏನು ಮಾಡಬೇಕು? ಬನ್ನಿ ಎಂದು ಕರೆಯುವಂತಿಲ್ಲ, ಸುಮ್ಮನಿದ್ದರೆ ಯಾರೂ ಬರುವುದಿಲ್ಲ. ಅವಳು ಒಂದು ರಾತ್ರಿ ಯೋಚನೆ ಮಾಡಿ, ಬೆಳಿಗ್ಗೆ ಒಳ್ಳೆಯ ಕೋಟು ಹಾಕಿಕೊಂಡು ಸಂತೆಗೆ ಹೋದಳು. ಮೀನಿನ ಅಂಗಡಿಯ ಮುಂದೆ ಉದ್ದ ಸಾಲಿತ್ತು. ತನ್ನ ಸರದಿ ಬಂದಾಗ, ಬಸ್ಸು ಹೊರಡುವುದನ್ನು ಸಾರುತ್ತಿದ್ದ ಅದೇ ದನಿಯಲ್ಲಿ, ಹದಿನೆಂಟಕ್ಕೆ ಎಂಟು ಕಿಲೋ ನದಿ ಮೀನು ಬೇಕು, ದೊಡ್ಡವೇ ಇರಲಿ ಎಂದಳು. ಮೀನಿನವನು ಚಾಕು ಹಿಡಿದ ಕೈ ನಿಲ್ಲಿಸಿ, ನಿಮ್ಮ ಮನೆಯಲ್ಲಿ ಈ ಸಲ ಇಲ್ಲವಂತಲ್ಲ ಎಂದ.

"ನಮ್ಮನೇಲಿ ಯಾರೂ ಸತ್ತಿಲ್ಲ. ಹತ್ತೊಂಬತ್ತು ಪ್ರತಿ ವರ್ಷ ಬರೋ ಹಾಗೇ ಈ ವರ್ಷಾನೂ ಬರತ್ತೆ," ಎಂದಳು ದೊಬ್ರಿಲಾ.

ಕರೆದಳೆಂದು ಯಾರೂ ಬೆರಳು ತೋರಿಸುವಂತಿಲ್ಲ, ಆದರೂ ಸಾಲಿನಲ್ಲಿದ್ದ ಹದಿನೈದು ಜನಕ್ಕೂ ಕೇಳಿಸಿತು. ಆಮೇಲೆ ಚರ್ಚಿನಲ್ಲಿ ದೊಡ್ಡ ಮೇಣದ ಬತ್ತಿ, ಅಂಗಡಿಯಲ್ಲಿ ಗೋಧಿ, ಆಕ್ರೋಟು, ಕೆಂಪು ವೈನು ಕೊಂಡಳು. ಒಂದೇ ಸಲ ತರಬಹುದಾಗಿದ್ದನ್ನು ಆರು ಸಲ ಓಡಾಡಿ ತಂದಳು. ಕಾಲು ನೋವು ಬಂತು, ಬಿಡಲಿಲ್ಲ.

ಅಷ್ಟು ಸಾಲದೆಂದು ಮತ್ತೆರಡು ದಿನಕ್ಕೆ ಮನೆಯ ಅತಿ ದೊಡ್ಡ ಪಾತ್ರೆಯಲ್ಲಿ ಬೀನ್ಸ್ ಕಾಳಿನ ಸಾರು ಮಾಡಿ, ಒಗ್ನೆನ್‌ನ ವ್ಯಾನಿನಲ್ಲಿ ಇಟ್ಟುಕೊಂಡು ಶಾಲೆಯ ಗೇಟಿಗೇ ಹೋದಳು. ಮುಷ್ಕರ ಇನ್ನೂ ನಡೆಯುತ್ತಿತ್ತು, ಹಿಮ ಬಿದ್ದಿತ್ತು. ಹನ್ನೊಂದು ಜನ ಶಿಕ್ಷಕರು ಕೈ ಉಜ್ಜಿಕೊಳ್ಳುತ್ತ ನಿಂತಿದ್ದರು. ತಿಯಾನಾ ಅತ್ತೆಯ ಕೈಯಿಂದ ಬಟ್ಟಲು ಹಿಡಿದುಕೊಂಡಳು. ದೊಬ್ರಿಲಾ ಎಲ್ಲರಿಗೂ ಬಡಿಸಿ, ತಾನೂ ಒಂದು ಗಂಟೆ ಅವರ ನಡುವೆ ನಿಂತಳು. ಹೊರಡುವಾಗ ಹಿರಿಯ ಟೀಚರ್ ಯಾಗೋದಾ ಪಾತ್ರೆ ತೊಳೆದು ಕೊಡಲು ಹೋದರು. ಒಗ್ನೆನ್‌ನಿಗೆ ಅಕ್ಷರ ಕಲಿಸಿದವರು ಅವರೇ.

"ಪಾತ್ರೆಗೆ ಅವಸರ ಇಲ್ಲ ಟೀಚರ್," ಎಂದಳು ದೊಬ್ರಿಲಾ. "ಇಲ್ಲೇ ಇರಲಿ. ನನಗೆ ಅದು ಹತ್ತೊಂಬತ್ತನೇ ತಾರೀಕಿಗೆ ಬೇಕಾಗತ್ತೆ."

ಯಾಗೋದಾ ಅವಳ ಮುಖವನ್ನೇ ನೋಡಿ, ಆಗಲಿ ಎಂದು ತಲೆಯಾಡಿಸಿದರು.

ಸಂಜೆಯ ಹೊತ್ತಿಗೆ ಗೇಟಿನ ಫೋಟೊ ಊರಿನ ಪುಟಕ್ಕೆ ಬಂದಿತ್ತು. ಇದು ನಮ್ಮ ಪಾತ್ರೆ, ಇದು ನನ್ನ ಹೆಂಡತಿ ಎಂದು ವೆಲಿಮಿರ್ ಕೂಗಾಡಿದ. ಊರ ಮುಂದೆ ನನ್ನನ್ನು ಕೋತಿ ಮಾಡಿದೆ ಎಂದ. ಕೋತಿ ಮಾಡಿಕೊಳ್ಳಲು ಅವನಿಗೆ ಯಾರ ಸಹಾಯವೂ ಬೇಕಿಲ್ಲ ಎಂದು ದೊಬ್ರಿಲಾ ತಟ್ಟೆ ಉಜ್ಜುತ್ತಲೇ ಹೇಳಿದಳು. ಅವನು ಆ ಫೋಟೊದ ಕೆಳಗೆ ಏನೋ ಬರೆಯಲು ಹೋಗಿ, ಬೆರಳು ಎತ್ತಿ, ಮತ್ತೆ ಇಳಿಸಿದ. ಅವನು ಏನನ್ನಾದರೂ ಬರೆಯದೆ ಬಿಟ್ಟದ್ದು ಅದೇ ಮೊದಲು.

ಹದಿನೆಂಟರ ಮಧ್ಯಾಹ್ನ ದೊಬ್ರಿಲಾ ಬ್ರೆಡ್ಡಿನ ಹಿಟ್ಟು ತಾನೇ ನಾದಿದಳು. ಹಕ್ಕಿ ಮಾಡಲು ಬರಲಿಲ್ಲ, ಹಲ್ಲಿಯ ಹಾಗಾಯಿತು. ಎದುರಿಗೆ ಕೂತು ಮೀನಿನ ಹುರುಪೆ ತೆಗೆಯುತ್ತಿದ್ದ ಗಂಡನಿಗೆ ಆಗ ಹೇಳಿದಳು.

"ಬಸ್ ನಿಲ್ದಾಣದ ಹಿಂದೆ ಮನೆ ನೋಡಿದಾರೆ. ಸೋಮವಾರ ಮಾತು ಕೊಡ್ತಾರೆ."

"ಯಾರು?"

"ನಿನ್ನ ಮಗ, ಸೊಸೆ, ಮೊಮ್ಮಗಳು. ನಾಳೆ ನೀನು ಬಾಯಿಬಿಟ್ಟು ಒಂದು ಮಾತು ಹೇಳದೇ ಇದ್ರೆ, ಈ ಮೇಜಿಗೆ ಉಳಿಯೋದು ನೀನು, ನಾನು, ನಿನ್ನ ಫೋನು. ಆಮೇಲೆ ಎಷ್ಟು ಬೇಕೋ ಅಷ್ಟು ಬರಕೋ ವೆಲ್ಯಾ. ನಾನೂ ಓದಲ್ಲ."

ವೆಲಿಮಿರ್ ಹುರುಪೆ ಎಲ್ಲ ತೆಗೆದಾದ ಮೀನನ್ನೇ ಮತ್ತೆ ಕೆರೆಯುತ್ತ ಕೂತ. ಸೊಸೆಯದು ನಾಲ್ಕು ದಿನದ ಸಿಟ್ಟು ಎಂದುಕೊಂಡಿದ್ದ, ಅವಳು ಹೊರಡಬಹುದು ಎಂಬುದು ಅವನಿಗೆ ಹೊಳೆದಿರಲೇ ಇಲ್ಲ.

ಹತ್ತೊಂಬತ್ತರಂದು ಪಾದ್ರಿ ಬಂದು ಬ್ರೆಡ್ಡು ಆಶೀರ್ವದಿಸಿ, ಹಲ್ಲಿಯಂಥ ಹಕ್ಕಿಯನ್ನು ನೋಡಿಯೂ ನೋಡದವರಂತೆ ಹೋದರು. ಮೇಣದ ಬತ್ತಿ ಉರಿಯುತ್ತಿತ್ತು. ವೆಲಿಮಿರ್ ಹಳೆಯ ಸೂಟು ಹಾಕಿಕೊಂಡು ಬಾಗಿಲ ಬಳಿ ನಿಂತ. ಸ್ಲಾವಾದ ದಿನ ಮನೆಯ ಯಜಮಾನ ಕೂರುವಂತಿಲ್ಲ, ಕೊನೆಯ ಅತಿಥಿ ಹೋಗುವವರೆಗೆ ನಿಂತೇ ಬಡಿಸಬೇಕು. ಹನ್ನೊಂದಾಯಿತು, ಹನ್ನೆರಡಾಯಿತು. ಮೂವತ್ತು ತಟ್ಟೆ ಜೋಡಿಸಿದ ಮೇಜಿನ ಸುತ್ತ ಯಾರೂ ಇರಲಿಲ್ಲ. ಅವನು ಒಬ್ಬನೇ ಖಾಲಿ ಕುರ್ಚಿಗಳ ಮುಂದೆ ನಿಂತಿದ್ದ. ನಲವತ್ತೊಂದು ವರ್ಷದಲ್ಲಿ ಹೀಗಾದದ್ದಿಲ್ಲ. ದೊಬ್ರಿಲಾ ಮಾತ್ರ ಒಲೆಯ ಉರಿ ತಗ್ಗಿಸಲಿಲ್ಲ.

ಹನ್ನೆರಡೂವರೆಗೆ ಪೆರ್ಸಿದಾ ಬಂದಳು, ಈ ಸಲ ಕೆಂಪು ಬಟ್ಟೆಯಲ್ಲಿ. ಅವಳ ಹಿಂದೆಯೇ ಮೀನಿನವನು ಹೆಂಡತಿಯೊಡನೆ ಬಂದ. ಎಂಟು ಕಿಲೋ ಏನಾಯಿತು ನೋಡೋಣ ಅಂತ ಬಂದೆ ಎಂದ. ಸಾಲಿನಲ್ಲಿ ನಿಂತಿದ್ದವರು ಇಬ್ಬಿಬ್ಬರಾಗಿ ಬಂದರು. ಎರಡು ಗಂಟೆಗೆ ಮೆಟ್ಟಿಲ ಮೇಲೆ ತುಂಬ ಹೆಜ್ಜೆಗಳ ಸದ್ದಾಯಿತು. ಮುಂದೆ ಯಾಗೋದಾ, ಅವರ ಹಿಂದೆ ಇಬ್ಬರು ಮೇಷ್ಟ್ರು ಆ ದೊಡ್ಡ ಪಾತ್ರೆಯ ಎರಡು ಕಿವಿ ಹಿಡಿದು, ಅದರ ತುಂಬ ಸೇಬು. ಒಟ್ಟು ಹತ್ತು ಜನ. ಗೇಟಿನ ಹನ್ನೊಂದನೆಯವಳು ಒಳಗಿನ ಕೋಣೆಯಲ್ಲಿದ್ದಳು. ತನ್ನ ಶಾಲೆಯವರ ದನಿ ಕೇಳಿ ತಿಯಾನಾ ಬಾಗಿಲು ತೆರೆದು ಹೊಸ್ತಿಲಲ್ಲಿ ನಿಂತಳು.

ವೆಲಿಮಿರ್ ಅವರಿಗೆಲ್ಲ ರಾಕಿಯಾ ಎಂಬ ಹಣ್ಣಿನ ಮದ್ಯ ಸುರಿದ. ಕೂತವರು ಸುಮ್ಮನಿರುತ್ತಾರೆಯೇ? ಸೇತುವೆ ನೆಟ್ಟಗೇ ಇದೆ ಎಂದ ಒಬ್ಬ. ಮುಂದಿನ ಚುನಾವಣೆಯಲ್ಲಿ ಇವರೇ ಗೆಲ್ಲುತ್ತಾರೆ ಎಂದ ಇನ್ನೊಬ್ಬ. ಕರೆಂಟಿನ ಕಾರು ತನ್ನ ಅಳಿಯನ ಬಳಿ ಇದೆ, ಚಳಿಯಲ್ಲಿ ಚೆನ್ನಾಗಿಯೇ ಓಡುತ್ತದೆ ಎಂದ ಮೀನಿನವನು. ಒಂದೊಂದು ಮಾತಿಗೂ ವೆಲಿಮಿರನ ತುಟಿ ಬಿಚ್ಚಿಕೊಂಡಿತು, ಮುಚ್ಚಿಕೊಂಡಿತು. ಯಜಮಾನ ಅತಿಥಿಯೊಡನೆ ವಾದಿಸುವಂತಿಲ್ಲ. ತಟ್ಟೆ ಹಿಡಿದು ಬೆವರುತ್ತ ಓಡಾಡಿದ.

ಯಾಗೋದಾ ಲೋಟ ಕೆಳಗಿಟ್ಟರು. "ವೆಲಿಮಿರ್, ಮಕ್ಕಳಿಗೆ ಮೊಬೈಲೇ ಚೆನ್ನಾಗಿ ಕಲಿಸತ್ತೆ ಅಂದಿದ್ದೆಯಲ್ಲ. ನಿನ್ನ ಮಗನಿಗೆ ಓದೋದು ಕಲಿಸಿದ್ದು ಯಾರಪ್ಪ?"

ದೊಬ್ರಿಲಾ ಒಲೆಯ ಮುಂದಿನಿಂದ ತಿರುಗಿ ನೋಡಿದಳು. ಸಹಾಯಕ್ಕೆ ಹೋಗಲಿಲ್ಲ.

"ನೀವೇ ಟೀಚರ್," ಎಂದ ವೆಲಿಮಿರ್. ತಟ್ಟೆ ಕೈಯಲ್ಲೇ ಇತ್ತು. ಆಮೇಲೆ ಹೊಸ್ತಿಲ ಕಡೆ ತಿರುಗಿದ. ಇಡೀ ಊರೇ ಕೂತಿದ್ದ ಮೇಜಿನ ಮೇಲಿಂದ ಸೊಸೆಯನ್ನು ನೋಡಿ ಹೇಳಿದ.

"ಒಲೆ ಮೇಲೆ ಬೀನ್ಸ್ ಕುದೀತಾ ಇತ್ತು. ಅದು ಬೇಯೋವರೆಗೆ ಏನಾದ್ರೂ ಮಾಡೋಣ ಅಂತ ಬರೆದೆ. ಕನ್ನಡಕಾನೂ ಹಾಕಿರಲಿಲ್ಲ, ಯೋಚನೆನೂ ಮಾಡಿರಲಿಲ್ಲ. ಅದು ಸುಳ್ಳು ಮಾತು, ತಿಯಾನಾ. ಎಲ್ಲರ ಮುಂದೆ ಹೇಳ್ತಿದೀನಿ. ವಾಪಸ್ ತಗೊಂಡೆ."

"ನೀವು ಎರಡು ನಿಮಿಷ ಬರೆದ್ರಿ ಮಾವ," ಎಂದಳು ತಿಯಾನಾ. "ನಾನು ಅದನ್ನ ಐದು ವಾರ ಓದಿದೆ."

ಅವನು ತಲೆ ತಗ್ಗಿಸಿ ನಿಂತ. ಅತಿಥಿಗಳು ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ಒಗ್ನೆನ್ ಹೆಂಡತಿಯ ಕಡೆ ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟ.

ತಿಯಾನಾ ಹೊಸ್ತಿಲು ದಾಟಿ, ಯಾರ ಮುಖವನ್ನೂ ನೋಡದೆ ಅಡುಗೆಮನೆಗೆ ಬಂದಳು. ಕೋಟು ತೆಗೆದುಕೊಳ್ಳಲು ಬಂದಳೇನೋ, ಈಗಲೇ ಹೊರಡುತ್ತಾಳೇನೋ ಎಂದು ದೊಬ್ರಿಲಾ ಹೆದರಿದಳು. ತಿಯಾನಾ ಕೋಟಿನ ಕಡೆ ಹೋಗಲಿಲ್ಲ. ಒಲೆಯ ಮೇಲಿದ್ದ ಮೀನಿನ ಸಾರಿಗೆ ಚಮಚ ಅದ್ದಿ ರುಚಿ ನೋಡಿದಳು, ಮುಖ ಕಿವುಚಿದಳು. ಐದು ವಾರಗಳಲ್ಲಿ ಮೊದಲ ಸಲ ಮಾವನ ಎದುರಿಗೆ ಹೋಗಿ ನಿಂತಳು.

"ಮಾವ, ಸಾರಿಗೆ ಉಪ್ಪೇ ಇಲ್ಲ. ಇಷ್ಟು ಜನ ತಿಂತಾ ಇದಾರೆ, ಒಬ್ಬರೂ ಹೇಳ್ತಿಲ್ಲ. ಮುಂದಿನ ವರ್ಷ ನಾನೇ ಮಾಡ್ತೀನಿ."

ಉಪ್ಪಿನ ಬಗ್ಗೆ ವೆಲಿಮಿರನಿಗೆ ಅಭಿಪ್ರಾಯವಿತ್ತು, ರಕ್ತದೊತ್ತಡದ ಬಗ್ಗೆ ಓದಿದ್ದೂ ಬಹಳವಿತ್ತು. "ಹೂಂ," ಎಂದ. ಉಪ್ಪಿನ ಡಬ್ಬ ತರಲು ಒಳಗೆ ಹೋದ.